ಫ್ಲೋರೈಡ್ ನೀರಿಗೆ ಹಣ ಹಾಕುವ ಮುನ್ನ

ವೈ.ಎನ್.ಹೊಸಕೋಟೆ ಹೋಬಳಿಯಲ್ಲಿ, ಪಾವಗಡ ತಾಲ್ಲೂಕಿನ ಉಳಿದೆಡೆಯಂತೆಯೇ, ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ರೈತ ಬಾಂಧವರಿಗೆ ಹೊಸ ವಿಷಯವಲ್ಲ. ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಸೆಟೆದ ಬೆನ್ನು ಅದನ್ನು ಹೇಳುತ್ತಲೇ ಬಂದಿವೆ. ಇಲ್ಲಿ ವಿಚಾರ ಮಾಡಬೇಕಾದುದು ಬೇರೆ. ನೀರಿನ ಗುಣ ಖಚಿತವಾಗಿ ತಿಳಿಯದಿರುವಾಗ, ಕೈಯಲ್ಲಿರುವ ಅಲ್ಪ ಹಣವನ್ನು ಯಾವುದಕ್ಕೆ ಹಾಕಬೇಕು?

ನೆಲದಡಿಯ ನೀರನ್ನೆಲ್ಲ ಶುದ್ಧಿ ಮಾಡುವ ಮಾತು ಬಿಡೋಣ. ಫ್ಲೋರೈಡ್ ಬರುವುದು ಬಂಡೆಯಿಂದಲೇ, ಬಂಡೆಯನ್ನು ತೊಳೆಯಲಾದೀತೇ? ಕುಡಿಯಲು ಮತ್ತು ಅಡುಗೆಗೆ ಐವರ ಮನೆಗೆ ದಿನಕ್ಕೆ ಸುಮಾರು 40 ಲೀಟರ್, ಅಷ್ಟನ್ನು ಸರಿಪಡಿಸಿಕೊಂಡರೆ ಸಾಕು. ಕಾಯಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾಗಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ.

ಮೊದಲ ಖರ್ಚು ಪರೀಕ್ಷೆಗೆ. ಪಕ್ಕದ ಬಾವಿಯ ವರದಿ ನಿಮ್ಮ ಬಾವಿಗೆ ಹೊಂದಬೇಕೆಂದಿಲ್ಲ. ಮೋಟಾರನ್ನು ಹತ್ತು ನಿಮಿಷ ಓಡಿಸಿ, ಅದೇ ನೀರಿನಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾದರಿ ಹಿಡಿಯಿರಿ, ಗಾಜಿನದು ಬೇಡ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರೇ ಇಲ್ಲದೆಡೆ 1.5ರವರೆಗೆ ಒಪ್ಪಬಹುದು.

ಪರೀಕ್ಷಾ ಕಿಟ್ ತೋರಿಸುವುದು ಅಂದಾಜು ಮಾತ್ರ. ಆದರೂ ಅದು 3 ಎಂದರೆ ಇನ್ನೊಂದು ವರದಿಗೆ ಕಾಯುವುದರಲ್ಲಿ ಅರ್ಥವಿಲ್ಲ. ನಿಜವಾದ ಅಂಕಿ 2.5 ಇರಲಿ, 4 ಇರಲಿ, ಮಾಡಬೇಕಾದ ಕೆಲಸ ಒಂದೇ. 1 ಮತ್ತು 2ರ ನಡುವೆ ತೋರಿಸಿದಾಗಲೇ ಪ್ರಯೋಗಾಲಯಕ್ಕೆ ಕಳಿಸುವ ಶ್ರಮ ಸಾರ್ಥಕ. ಎಂಟು ವರ್ಷದೊಳಗಿನ ಮಕ್ಕಳಿದ್ದರೆ ವರದಿ ಬರುವವರೆಗೂ ಅವರಿಗೆ ಬೇರೆ ನೀರು ಕೊಡಿ. ಶಾಶ್ವತ ಹಲ್ಲು ಒಸಡಿನೊಳಗೆ ರೂಪುಗೊಳ್ಳುವುದು ಆ ವಯಸ್ಸಿನಲ್ಲೇ.

ಇನ್ನೂ ನೂರಡಿ ಕೊರೆಸೋಣವೆಂಬ ಸಲಹೆ ನನಗೆ ಒಪ್ಪಿಗೆಯಿಲ್ಲ. ನೀರು ಸಿಗುವುದು ಖಾತ್ರಿಯಿಲ್ಲ. ಸಿಕ್ಕ ನೀರು ಒಳ್ಳೆಯದೆಂಬ ಖಾತ್ರಿಯೂ ಇಲ್ಲ. ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದೇ ಸಾಮಾನ್ಯ. ಆರ್.ಓ. ಯಂತ್ರ ಫ್ಲೋರೈಡನ್ನು ತೆಗೆಯುತ್ತದೆ, ಸಂದೇಹವಿಲ್ಲ. ಆದರೆ ಕೊಳ್ಳುವ ಬೆಲೆಯೊಂದನ್ನೇ ನೋಡದೆ, ಪೊರೆ ಬದಲಾವಣೆ, ವಿದ್ಯುತ್, ರಿಪೇರಿ ಸೇರಿಸಿ ಐದು ವರ್ಷದ ಲೆಕ್ಕ ಬರೆಯಿರಿ. (ಅದು ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಗಾಢವಾಗಿರುತ್ತದೆ, ದನದ ತೊಟ್ಟಿಗೆ ಬಿಡಬೇಡಿ.)

ನನ್ನ ಒಲವು ಮಳೆ ನೀರಿನ ಕಡೆಗೆ. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 50 ಚದರ ಮೀಟರ್ ತಾರಸಿಯ ಮೇಲೆ, ಕಡಿಮೆ ಮಳೆಯ ವರ್ಷವೆಂದು 400 ಮಿ.ಮೀ. ಹಿಡಿದರೂ 20,000 ಲೀಟರ್ ಬೀಳುತ್ತದೆ. ಐದರಲ್ಲೊಂದು ಪಾಲು ನಷ್ಟವೆಂದು ಕಳೆದರೆ 16,000. ಮನೆಗೆ ವರ್ಷಕ್ಕೆ ಬೇಕಾದುದು 14,600. ಮಳೆಯಿಲ್ಲದ 200 ದಿನಕ್ಕೆ 8,000 ಲೀಟರಿನ ಮುಚ್ಚಿದ ತೊಟ್ಟಿ ಬೇಕು. ಅಷ್ಟು ಹಣವಿಲ್ಲದವರು ಅರ್ಧ ಕಟ್ಟಿಸಿ, ಆ ನೀರನ್ನು ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಮೀಸಲಿಡಲಿ. ಮಣ್ಣಿನ ಮಾಳಿಗೆಯ ನೀರು ಇದಕ್ಕೆ ಒದಗದು. ಮೊದಲ ಮಳೆಯನ್ನು ಹೊರಬಿಟ್ಟು, ಉಳಿದುದನ್ನು ಸೋಸಿ, ಕಾಯಿಸಿ ಕುಡಿಯಬೇಕು.

ತುಂಗಭದ್ರಾ ಹಿನ್ನೀರಿನ ಯೋಜನೆಯಿರುವಾಗ ಇದೆಲ್ಲ ಏಕೆಂದು ಕೇಳುವವರಿದ್ದಾರೆ. ನದಿ ನೀರು ನಲ್ಲಿಯಲ್ಲಿ ದಿನವೂ ಬಂದರೆ ಬಹಳ ಒಳ್ಳೆಯದು. ಬಾರದ ದಿನಗಳಿಗೆ ಅದನ್ನು ಹಿಡಿದಿಡಲೂ ಇದೇ ತೊಟ್ಟಿ ಬೇಕಾಗುತ್ತದೆ. ಕೊರೆಸಿದ ನೂರಡಿಗೆ ಹಾಕಿದ ಹಣಕ್ಕೆ ಅಂಥ ಎರಡನೆಯ ಉಪಯೋಗವಿಲ್ಲ.