ಅಂಗಳಕ್ಕೆ ಲಾವಂಚ ಸಾಲದೇ?

ನರ್ಸರಿಗಳಲ್ಲಿ ಈಗ ‘ಅಲಂಕಾರಿಕ ಹುಲ್ಲು’ಗಳಿಗೆ ಬೇಡಿಕೆ ಹೆಚ್ಚಿದೆ. ಕುಂಡದ ಮೇಲೆ ಬೆಲೆಯ ಚೀಟಿ ಇರುತ್ತದೆ, ಹೆಸರಿನ ಚೀಟಿ ಇರುವುದಿಲ್ಲ. ಕೇಳಿದರೆ ‘ಫಾರಿನ್ ಗ್ರಾಸ್ ಸಾರ್’ ಎಂಬ ಉತ್ತರ. ದಶಕಗಳ ಕಾಲ ಹಾಜರಿ ಕೂಗಿದ ನನಗೆ ಹೆಸರೇ ತಿಳಿಯದವರನ್ನು ತರಗತಿಗೆ ಸೇರಿಸಿಕೊಳ್ಳುವುದು ಹಿಡಿಸದು.

ಇದು ಬರಿಯ ಮೇಷ್ಟರ ಹಠವಲ್ಲ. ಚಾಮರದಂಥ ತೆನೆ ಬಿಡುವ ಫೌಂಟನ್ ಗ್ರಾಸ್ ಉತ್ತರ ಆಫ್ರಿಕ, ಪಶ್ಚಿಮ ಏಷ್ಯಾಗಳ ಹುಲ್ಲು. ಅಂದಕ್ಕೆಂದು ಹವಾಯಿ ದ್ವೀಪಕ್ಕೆ ಹೋದ ಅದು ಗಾಳಿಯಲ್ಲಿ ಬೀಜ ತೂರಿ ಒಣಭೂಮಿಯನ್ನೆಲ್ಲ ಆಕ್ರಮಿಸಿತು, ಕಾಡ್ಗಿಚ್ಚಿಗೆ ಉರುವಲಾಯಿತು. 2017ರಲ್ಲಿ ಐರೋಪ್ಯ ಒಕ್ಕೂಟವು ಅದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು. ನಮ್ಮ ಕಾಡುಗಳನ್ನು ನುಂಗಿರುವ ಲಂಟಾನವೂ ಮೊದಲು ಉದ್ಯಾನದ ಅತಿಥಿಯಾಗಿಯೇ ಬಂದದ್ದಲ್ಲವೇ? ನೇರಳೆ ಎಲೆಯ ಫೌಂಟನ್ ಗ್ರಾಸ್ ಬೀಜ ಕಟ್ಟುವುದು ತೀರ ವಿರಳ. ಹೆಸರು ತಿಳಿದುಕೊಳ್ಳಬೇಕೆನ್ನುವುದು ಈ ಕಾರಣಕ್ಕೇ.

ನನ್ನ ಮತ ಲಾವಂಚಕ್ಕೆ. ಸಂಸ್ಕೃತದಲ್ಲಿ ಉಶೀರ, ಮಾರುಕಟ್ಟೆಯಲ್ಲಿ ವೆಟಿವರ್. ಆಳೆತ್ತರದ ಅದರ ಪೊದೆ ಗಾಳಿಗೆ ಬಾಗುವ ಚೆಲುವು ಯಾವ ಪರದೇಶಿ ಹುಲ್ಲಿಗೂ ಕಡಿಮೆಯಲ್ಲ. ಇದನ್ನು ಮಜ್ಜಿಗೆಹುಲ್ಲೆಂದು ಭ್ರಮಿಸುವವರುಂಟು. ಎಲೆಯನ್ನು ಹಿಸುಕಿ ಮೂಸಿರಿ: ನಿಂಬೆಯ ಪರಿಮಳ ಬಂದರೆ ಅದು ಮಜ್ಜಿಗೆಹುಲ್ಲು. ಲಾವಂಚದ ಪರಿಮಳವೆಲ್ಲ ಬೇರಿನಲ್ಲಿ. ಇದರ ಎಲೆ ಕಿರಿದು, ಬಿರುಸು. ಕಾಂಡದ ಬುಡ ಬೀಸಣಿಗೆ ಮಡಿಸಿದಂತೆ ಚಪ್ಪಟೆ.

ಬೆಳೆಸುವುದು ಸುಲಭ. ಹಳೆಯ ಬುಡವನ್ನು ಸೀಳಿ, ಎಲೆಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಮಳೆಗಾಲದ ಆರಂಭದಲ್ಲಿ ನೆಡಬೇಕು. ಬೇಲಿಯಾಗಬೇಕಿದ್ದರೆ ಗೇಣಿಗಿಂತ ಕಡಿಮೆ ಅಂತರವಿರಲಿ. ಬಿಸಿಲು ಬೇಕೇ ಬೇಕು, ನೆರಳಿನಲ್ಲಿ ಸೊರಗುತ್ತದೆ. ದಕ್ಷಿಣ ಭಾರತದಲ್ಲಿ ಬೆಳೆಸುವ ತಳಿ ಮೊಳೆಯುವ ಬೀಜ ಕಟ್ಟುವುದಿಲ್ಲ, ಗರಿಕೆಯಂತೆ ಹಬ್ಬುವುದೂ ಇಲ್ಲ. ಬೇರು ಮಾತ್ರ ಮೂರು ಮೀಟರ್‌ವರೆಗೂ ನೇರವಾಗಿ ಇಳಿದು ಮಣ್ಣನ್ನು ಹಿಡಿಯುತ್ತದೆ.

ಗುಂಡ್ಲುಪೇಟೆಯ ಕಡೆಯ ರೈತರಿಗೆ ಇದು ಹೊಸ ಸಂಗತಿಯಲ್ಲ. ತಲೆಮಾರುಗಳಿಂದ ಅವರು ಹೊಲದ ಎಲ್ಲೆಗೆ ಲಾವಂಚವನ್ನು ನೆಟ್ಟವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿ ತಡೆಯಲು ಇದೇ ಹುಲ್ಲನ್ನು ಭಾರತದಲ್ಲಿ ಪ್ರಚಾರ ಮಾಡಿದರು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಇದರ ಕುರಿತು ಒಂದು ಪುಸ್ತಕವನ್ನೇ ಹೊರತಂದಿತು. ನಮ್ಮ ಬದುವಿನ ಹುಲ್ಲಿಗೆ ಅಲ್ಲಿಂದ ಪ್ರಮಾಣಪತ್ರ ಬಂದ ಮೇಲೂ ನಾವು ಫಾರಿನ್ ಗ್ರಾಸನ್ನೇ ಹುಡುಕುತ್ತಿದ್ದೇವೆ!

ಒಂದು ಮಾತು: ಪರಿಮಳದ ಆಸೆಗೆ ಬದುವಿನ ಲಾವಂಚವನ್ನು ಅಗೆಯಬೇಡಿರಿ. ಬೇರಿನೊಂದಿಗೆ ಬದುವೂ ಸಡಿಲಗೊಳ್ಳುತ್ತದೆ. ನೀರಿನ ಹೂಜಿಗೆ ಹಾಕಲು ಬೇರು ಬೇಕಿದ್ದರೆ ಮರಳುಮಣ್ಣು ತುಂಬಿದ ಎತ್ತರದ ಚೀಲದಲ್ಲಿ ಎರಡು ಬುಡಗಳನ್ನು ಬೇರೆಯಾಗಿಯೇ ಬೆಳೆಸಿಕೊಳ್ಳಿರಿ.