ಸಕ್ಕರೆ ಮರಳಿನಂತಾದಾಗ

ಮಧುನಾಶಿನಿಯ ಒಂದೆರಡು ಎಲೆಗಳನ್ನು ಚೆನ್ನಾಗಿ ಅಗಿದು, ಉಗುಳಿ, ಬಾಯಿ ಮುಕ್ಕಳಿಸಿ, ನಾಲಗೆಯ ಮೇಲೆ ಒಂದು ಚಿಟಿಕೆ ಸಕ್ಕರೆ ಇಟ್ಟುಕೊಂಡರೆ ಮರಳು ಇಟ್ಟುಕೊಂಡಂತಾಗುತ್ತದೆ. ಬೆಲ್ಲವೂ ಸಪ್ಪೆ. ಉಪ್ಪು, ಹುಳಿ ಮಾತ್ರ ಎಂದಿನಂತೆಯೇ ತಿಳಿಯುತ್ತವೆ. ಸುಮಾರು ಅರ್ಧ ಗಂಟೆ ಕಳೆದರೆ ನಾಲಗೆ ಮೊದಲಿನಂತಾಗುತ್ತದೆ.

ಇದು ಮರಗಿಡಗಳಿಗೆ ಸುತ್ತಿಕೊಂಡು ಬೆಳೆಯುವ ಹಂಬು. ಮಾಗಡಿಯ ಸಾವನದುರ್ಗ, ಕನಕಪುರದ ಕಡೆಯ ಒಣ ಕಾಡುಗಳಂಥ ನೆಲ ಇದಕ್ಕೆ ಒಗ್ಗುತ್ತದೆ. ಹಿಂದಿಯಲ್ಲಿ ಇದರ ಹೆಸರೇ ಗುಡ್‌ಮಾರ್, ಅಂದರೆ ಬೆಲ್ಲವನ್ನು ಕೊಲ್ಲುವುದು. ಊಟಿಯಲ್ಲಿ ಸರ್ಕಾರಿ ರಸಾಯನಜ್ಞನಾಗಿದ್ದ ಡೇವಿಡ್ ಹೂಪರ್ 1887ರಲ್ಲಿ ಈ ಎಲೆಯಿಂದ ಜಿಮ್ನೆಮಿಕ್ ಆಮ್ಲವನ್ನು ಬೇರ್ಪಡಿಸಿದ. ನಾಲಗೆಯಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕಗಳು ಕೆಲಸ ಮಾಡದಂತೆ ತಡೆಯುವುದು ಇದೇ.

ಬಾಯಲ್ಲಿ ಸಿಹಿಯನ್ನು ಕೊಲ್ಲುವ ಎಲೆ ರಕ್ತದಲ್ಲಿರುವ ಸಕ್ಕರೆಯನ್ನೂ ಇಳಿಸುತ್ತದೆಯೆ? ಇದು ಬೇರೆಯೇ ಪ್ರಶ್ನೆ. ರುಚಿ ತಿಳಿಯದಿದ್ದರೂ ಸಕ್ಕರೆ ಎಲ್ಲಿಗೂ ಹೋಗಿರುವುದಿಲ್ಲ. ನುಂಗಿದರೆ ಹೊಟ್ಟೆ ಸೇರಿ ರಕ್ತಕ್ಕೆ ಹೋಗಿಯೇ ಹೋಗುತ್ತದೆ.

ಮದರಾಸಿನ ವಿಜ್ಞಾನಿಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾತ್ರೆ ಸೇವಿಸುತ್ತಿದ್ದ 22 ಮಂದಿ ಮಧುಮೇಹಿಗಳಿಗೆ ಮಾತ್ರೆಯ ಜೊತೆಗೆ ದಿನಕ್ಕೆ 400 ಮಿಲಿಗ್ರಾಂ ಎಲೆಯ ಸಾರವನ್ನು 18ರಿಂದ 20 ತಿಂಗಳು ಕೊಡಲಾಯಿತು. ರಕ್ತದ ಸಕ್ಕರೆ ಇಳಿಯಿತು. ಐವರು ಮಾತ್ರೆಯನ್ನೇ ಬಿಡುವಂತಾಯಿತು. ಆಶಾದಾಯಕ ಸಂಗತಿಯೇ ಸರಿ. ಆದರೆ ಯಾರಿಗೆ ಸಾರ, ಯಾರಿಗೆ ಅದರಂತೆಯೇ ಕಾಣುವ ಹುಸಿ ಗುಳಿಗೆ ಎಂದು ಚೀಟಿ ಎತ್ತಿ ಹಂಚಿದ ಪರೀಕ್ಷೆ ಅದಾಗಿರಲಿಲ್ಲ.

ಚೀಟಿ ಏಕೆ ಬೇಕು? ಚನ್ನಪಟ್ಟಣದ ಕಡೆಯ ಯಜಮಾನರೊಬ್ಬರು ಸೊಪ್ಪು ತಿನ್ನತೊಡಗಿದರೆನ್ನಿ. ಕಾಯಿಲೆಯ ಹೆದರಿಕೆಗೆ ಅದೇ ವಾರ ಎರಡು ಮುದ್ದೆ ಒಂದಕ್ಕೆ ಇಳಿಯುತ್ತದೆ, ಕಾಫಿಗೆ ಸಕ್ಕರೆ ನಿಲ್ಲುತ್ತದೆ, ಬೆಳಗಿನ ನಡಿಗೆ ಶುರುವಾಗುತ್ತದೆ. ತಿಂಗಳ ಬಳಿಕ ಸಕ್ಕರೆ ಇಳಿದರೆ ಕೀರ್ತಿ ಮಾತ್ರ ಸೊಪ್ಪಿಗೆ! ಹುಸಿ ಗುಳಿಗೆ ತೆಗೆದುಕೊಂಡವರೂ ಹೀಗೆಯೇ ನಡೆಯುತ್ತಾರೆ, ಹೀಗೆಯೇ ಊಟ ಕಡಿಮೆ ಮಾಡುತ್ತಾರೆ. ಅವರಿಗಿಂತ ಸಾರ ತೆಗೆದುಕೊಂಡವರಲ್ಲಿ ಎಷ್ಟು ಹೆಚ್ಚು ಇಳಿಯಿತೋ ಅಷ್ಟೇ ಎಲೆಯ ಪಾಲು. ಯಾವುದು ಯಾರ ಪಾಲಿಗೆ ಬಂತೆಂದು ರೋಗಿಗೂ ವೈದ್ಯರಿಗೂ ಕೊನೆಯವರೆಗೆ ತಿಳಿದಿರಬಾರದು. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಬೇಕು.

ಇನ್ನೊಂದು ತೊಡಕು ಹೆಸರಿನದು. ರಾಮನಗರದಲ್ಲಿರಲಿ, ಬೇರೆಲ್ಲೇ ಇರಲಿ, ಹಿತ್ತಿಲಲ್ಲಿ ಬೆಳೆಸುವ ‘ಇನ್ಸುಲಿನ್ ಗಿಡ’ ಮಧುನಾಶಿನಿಯಲ್ಲ. ಅದು ಬ್ರೆಜಿಲ್ ಮೂಲದ ಬೇರೆ ಸಸ್ಯ. ಆ ಹೆಸರನ್ನು ನಂಬಿ ಯಾರಾದರೂ ಚುಚ್ಚುಮದ್ದು ಬಿಟ್ಟರೆ, ಅದರಲ್ಲೂ ದೇಹದಲ್ಲಿ ಇನ್ಸುಲಿನ್ ತಯಾರಾಗದ ಮಗುವಿಗೆ ಬಿಡಿಸಿದರೆ, ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು. ಇನ್ನು ಮಾತ್ರೆಯ ಜೊತೆಗೆ ಮಧುನಾಶಿನಿಯನ್ನೂ ತಿನ್ನುವವರು ವೈದ್ಯರಿಗೆ ತಿಳಿಸಲೇಬೇಕು. ಎರಡೂ ಕೂಡಿ ಸಕ್ಕರೆ ಮಿತಿಮೀರಿ ಇಳಿದರೆ ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬರುತ್ತದೆ.