ಸ್ವಸಂತೋಷದಿಂದ ಬರೆದುಕೊಟ್ಟದ್ದು

ಮನೆಯ ಗುಟ್ಟನ್ನು ಬೀದಿಗೆ ಹಾಕಬಾರದೆಂಬುದು ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಬುದ್ಧಿ ಬಲಿಯುವ ಮೊದಲೇ ಕಲಿಸುವ ಪಾಠ. ಆ ಗುಟ್ಟು ಯಾವುದು, ಅದನ್ನು ಮುಚ್ಚಿಟ್ಟುದರಿಂದ ಯಾರ ಮಾನ ಉಳಿಯಿತು, ಯಾರ ಅನ್ನ ಹೋಯಿತು ಎಂದು ಕೇಳುವ ಪದ್ಧತಿ ಮಾತ್ರ ಇಲ್ಲ. ಕಥೆ ಕಾದಂಬರಿಗಳನ್ನು ಓದಿದವರಿಗೆ ಹಳೆಯ ಮನೆಯ ಗುಟ್ಟೆಂದೊಡನೆ ಕಳ್ಳಪ್ರೇಮವೋ, ಹೂತಿಟ್ಟ ಕೊಪ್ಪರಿಗೆಯೋ ನೆನಪಾದೀತು. ನಾನು ಕಂಡದ್ದು ಬೇರೆ. ನಮ್ಮ ಅಟ್ಟಗಳ ಮೇಲೆ ಧೂಳು ತಿನ್ನುತ್ತಿರುವ ಗುಟ್ಟು ಬಹುಮಟ್ಟಿಗೆ ಲೆಕ್ಕಪತ್ರದ ಗುಟ್ಟು; ಹೆಂಗಸರಿಗೆ ಸೇರಬೇಕಾದದ್ದು ಗಂಡಸರ ಖಾತೆಗೆ ಹೇಗೆ ಸೇರಿತೆಂಬುದರ ಗುಟ್ಟು. ಅದನ್ನು ಬೀದಿಗೆ ಹಾಕಲೇಬೇಕೆಂಬುದು ನನ್ನ ವಾದ.

2020ರ ಬೇಸಗೆಯಲ್ಲಿ ಕೊರೋನಾ ರೋಗಕ್ಕೆ ಹೆದರಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ, ಬೆಂಗಳೂರಿನಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಅಂಗಡಿಯೂ ಮುಚ್ಚಿತು. ಬಸ್ಸುಗಳು ಮತ್ತೆ ಓಡತೊಡಗಿದ ಮೇಲೆ, ಮಳೆಗಾಲದ ಆರಂಭಕ್ಕೆ, ಮಲೆನಾಡಿನ ತವರಿಗೆ ಹೋದೆ. ಅಲ್ಲಿಯೂ ಸ್ಥಿತಿ ನೆಟ್ಟಗಿರಲಿಲ್ಲ. ಅಣ್ಣಂದಿರಿಬ್ಬರಿಗೂ ಸಾಲ. ತೋಟದ ಆಧಾರದ ಮೇಲೆ ಮತ್ತೆ ಹಣ ಎತ್ತಬೇಕಾದರೆ ತಂಗಿಯ ಹಕ್ಕಿನ ತಕರಾರು ಇರಕೂಡದೆಂದು ಬ್ಯಾಂಕಿನವರು ತಿಳಿಸಿದ್ದರು. ಹೋದ ಮೂರನೆಯ ದಿನವೇ ಹಕ್ಕು ಬಿಡುಗಡೆ ಪತ್ರದ ಕರಡು ನನ್ನ ಮುಂದೆ ಬಂತು. “ಇದೊಂದು ಶಾಸ್ತ್ರಕ್ಕೆ ಅಷ್ಟೇ ತಂಗಿ, ನಿನಗೆ ತವರು ಎಲ್ಲಿ ಹೋಗುತ್ತೆ?” ಎಂದರು ಹಿರಿಯಣ್ಣ. ಮೂಲಪತ್ರಗಳು ಬೇಕೆಂದು ವಕೀಲರು ಕೇಳಿದ್ದರಿಂದ ಅಟ್ಟದ ಟ್ರಂಕನ್ನೂ ಇಳಿಸಿದ್ದರು. ಲೆಕ್ಕ ಬಲ್ಲವಳೆಂದು ಕಾಗದ ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಂದಾಯದ ರಸೀದಿಗಳ ಕಟ್ಟಿನ ಕೆಳಗೆ 1958ರ ಛಾಪಾ ಕಾಗದವೊಂದಿತ್ತು. ಬರೆದುಕೊಟ್ಟವಳು ನನ್ನ ಅಜ್ಜನ ತಂಗಿ. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳ ವಿಷಯದಲ್ಲಿ ನಾವು ಬಾಲ್ಯದಿಂದ ಕೇಳಿದ ಕಥೆ ಒಂದೇ: ವೈರಾಗ್ಯ ಬಂದು ಎಲ್ಲವನ್ನೂ ಅಣ್ಣಂದಿರಿಗೆ ಬಿಟ್ಟು ಕಾಶಿಗೆ ಹೋದ ಪುಣ್ಯಾತ್ಮಳು. ಪತ್ರ ಹೇಳುವುದೇ ಬೇರೆ. ಇನ್ನೂರು ರೂಪಾಯಿ ನಗದು, ವರ್ಷಕ್ಕೆ ಆರು ಪಲ್ಲ ಭತ್ತ; ಇದಕ್ಕೆ ಪ್ರತಿಯಾಗಿ ತಂದೆಯ ಆಸ್ತಿಯಲ್ಲಿಯೂ ವಾಸದ ಮನೆಯಲ್ಲಿಯೂ ತನಗಿರುವ ಸಕಲ ಹಕ್ಕನ್ನು “ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ” ಬಿಟ್ಟುಕೊಟ್ಟಿದ್ದಾಳೆ. ಕೆಳಗೆ ಹೆಬ್ಬೆಟ್ಟಿನ ಗುರುತು.

ಅದರೊಡನೆ ದಾರ ಕಟ್ಟಿಟ್ಟ ಮೂರು ಅಂಚೆ ಕಾರ್ಡುಗಳಿದ್ದವು. ಬಂದದ್ದು ಕಾಶಿಯಿಂದಲ್ಲ, ಹನ್ನೆರಡು ಮೈಲಿ ದೂರದ ಪೇಟೆಯಿಂದ. ಯಾರ ಮನೆಯಲ್ಲೋ ಅಡುಗೆಗೆ ನಿಂತಿದ್ದಳು. ಮೊದಲಿನ ಎರಡು ಕಾರ್ಡುಗಳಲ್ಲಿ, ಭತ್ತ ಬಂದಿಲ್ಲ, ಗಾಡಿ ಈ ಕಡೆ ಬರುವಾಗ ಕಳಿಸಿಕೊಡಬೇಕು ಎಂಬ ಬೇಡಿಕೆ. ಮೂರನೆಯದರಲ್ಲಿ ಭತ್ತದ ಮಾತೇ ಇಲ್ಲ. ಅಣ್ಣನ ಹಿರಿಯ ಮಗನಿಗೆ ಮದುವೆ ನಿಶ್ಚಯವಾಯಿತೆಂದು ಕೇಳಿದೆ, ಕರೆದರೆ ಹಿಂದಿನ ದಿನವೇ ಬಂದು ಅಡುಗೆಗೆ ಕೈಹಾಕುತ್ತೇನೆ ಎಂದಷ್ಟೇ ಬರೆಸಿದ್ದಾಳೆ. ಆ ಹಿರಿಯ ಮಗ ನನ್ನ ತಂದೆ. ಮದುವೆಯ ಪಟದಲ್ಲಿ ಅವಳಿಲ್ಲ.

ಆ 1958ಕ್ಕೆ ಅರ್ಥವಿದೆ. ಹಿಂದೂ ಉತ್ತರಾಧಿಕಾರ ಕಾನೂನು ಜಾರಿಗೆ ಬಂದದ್ದು 1956ರ ಜೂನ್ 17ರಂದು. ಹಿಂದೂ ಸಂಹಿತೆಯ ಮಸೂದೆ ನೆಲಕಚ್ಚಿತೆಂದು ಅಂಬೇಡ್ಕರರು 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟರು. ಅದರ ತುಂಡುಗಳಾಗಿ ಮುಂದೆ ಬಂದ ಕಾನೂನುಗಳಲ್ಲಿ ಇದೊಂದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಅದು ಗಂಡುಮಕ್ಕಳಿಗೇ ಉಳಿಸಿತು. ಆದರೂ ತಂದೆ ಸತ್ತರೆ ಅವನ ಪಾಲಿನಲ್ಲಿ ಮಗಳಿಗೆ ಮಗನಷ್ಟೇ ಭಾಗ ಕೊಟ್ಟಿತು. ನನ್ನ ಮುತ್ತಜ್ಜ ತೀರಿಕೊಂಡದ್ದು 1957ರಲ್ಲಿ; ಮುತ್ತಜ್ಜಿ ಮೊದಲೇ ಹೋಗಿದ್ದಳು. ಉಳಿದವರು ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಂದೆಯ ಪಾಲು ಮೂರರಲ್ಲೊಂದು; ಅದರಲ್ಲಿ ಮಗಳಿಗೆ ಮತ್ತೆ ಮೂರರಲ್ಲೊಂದು; ಎಂದರೆ ಒಟ್ಟಿನಲ್ಲಿ ಒಂಬತ್ತರಲ್ಲೊಂದು. ಗದ್ದೆ, ತೋಟ ಸೇರಿ ಒಂಬತ್ತು ಎಕರೆ ಇದ್ದ ಮನೆಯಲ್ಲಿ ಒಂದು ಎಕರೆ ಅವಳದು. ಮನೆಯನ್ನು ಪಾಲು ಮಾಡೆಂದು ಕೇಳುವ ಹಕ್ಕನ್ನು 23ನೆಯ ಕಲಮು ಮಗಳಿಗೆ ಕೊಡಲಿಲ್ಲ, ನಿಜ. ಆದರೆ ವಿಧವೆಯಾದ ಮಗಳಿಗೆ ಅಲ್ಲಿ ವಾಸಿಸುವ ಹಕ್ಕನ್ನು ಅದೇ ಕಲಮು ಕೊಟ್ಟಿತ್ತು. ಕಾನೂನು ಬಾಗಿಲು ತೆರೆದ ಎರಡನೆಯ ವರ್ಷಕ್ಕೆ ಅಣ್ಣಂದಿರು ಅದನ್ನು ಹೆಬ್ಬೆಟ್ಟೊತ್ತಿಸಿ ಮುಚ್ಚಿದರು. ವೈರಾಗ್ಯ ಬಂದವಳಿಗೆ ಛಾಪಾ ಕಾಗದ ಏತಕ್ಕೆ? ಸಂತೋಷದಿಂದ ಕೊಡುವವರ ಕೈಯಲ್ಲಿ ಸಂತೋಷಕ್ಕೆ ರುಜು ಹಾಕಿಸಿಕೊಳ್ಳುವವರುಂಟೆ?

ಇದು ಅರುವತ್ತು ವರ್ಷದ ಹಿಂದಿನ ಮಾತೆಂದು ಪುಟ ತಿರುವಬೇಡಿರಿ. ಕರ್ನಾಟಕ 1994ರಲ್ಲಿ ಮಗಳನ್ನೂ ಹುಟ್ಟಿನಿಂದ ಪಾಲುದಾರಳೆಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ನನ್ನ ಮದುವೆ 1990ರಲ್ಲಿ ಆಗಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಅನ್ವಯವಾದ ತಿದ್ದುಪಡಿ ಆ ಭೇದವನ್ನು ತೆಗೆಯಿತು, 23ನೆಯ ಕಲಮನ್ನೂ ಅಳಿಸಿತು. ಆ ದಿನ ತಂದೆ ಬದುಕಿರಬೇಕೇ ಎಂಬ ಜಗ್ಗಾಟ ಮತ್ತೆ ಹದಿನೈದು ವರ್ಷ ನಡೆಯಿತು. ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು 2020ರ ಆಗಸ್ಟ್ 11ರಂದು. 2001ರಲ್ಲೇ ತಂದೆಯನ್ನು ಕಳೆದುಕೊಂಡ ನಾನು ಆ ಕರಡನ್ನು ಮುಂದಿಟ್ಟುಕೊಂಡು ಕುಳಿತಿದ್ದ ಅದೇ ಮಳೆಗಾಲದಲ್ಲಿ. ಕರಡಿನಲ್ಲಿ ಎಲ್ಲವೂ ಹೊಸ ಭಾಷೆ. “ಸ್ವಸಂತೋಷದಿಂದ” ಎಂಬ ಮಾತೊಂದು ಮಾತ್ರ 1958ರದ್ದೇ.

ನಾನು ಸಹಿ ಹಾಕಲಿಲ್ಲ. ಪಾಲುದಾರಳಿಗೆ ಹಕ್ಕಿನೊಡನೆ ಹೊಣೆಯೂ ಉಂಟೆಂದು ಅದೇ ಕಾನೂನು ಹೇಳುತ್ತದೆ. ಆದುದರಿಂದ ಸಾಲಪತ್ರಕ್ಕೆ ಬೇಕಾದರೆ ನಿಮ್ಮ ಜೊತೆಗೆ ರುಜು ಹಾಕುತ್ತೇನೆ, ಬಿಡುಗಡೆ ಪತ್ರಕ್ಕೆ ಹಾಕುವುದಿಲ್ಲ ಎಂದೆ. ಸಾಲದಲ್ಲಿ ತಂಗಿ ಪಾಲುಗೊಳ್ಳುವುದು ಮನೆತನಕ್ಕೆ ಅವಮಾನವೆಂದು ಅಣ್ಣಂದಿರಿಗೆ ತೋರಿತು. ಅವಳ ಪಾಲನ್ನು ನುಂಗುವುದು ಅವಮಾನವೆಂದು ತೋರಲಿಲ್ಲ.

ಎದುರು ವಾದಗಳನ್ನೆಲ್ಲ ಕೇಳಿದ್ದೇನೆ. ಮದುವೆಯಲ್ಲಿ ಕೊಟ್ಟದ್ದೇ ಹೆಣ್ಣಿನ ಪಾಲು ಎನ್ನುವವರುಂಟು. ಕೊಟ್ಟದ್ದು ಯಾರ ಕೈಗೆ? 1961ರ ಕಾನೂನು ನಿಷೇಧಿಸಿದ ವರದಕ್ಷಿಣೆಯನ್ನು ಬೀಗರಿಗೆ ಕೊಟ್ಟು, ಅದನ್ನು ಮಗಳ ಲೆಕ್ಕದಲ್ಲಿ ಖರ್ಚು ಬರೆಯುವುದು ಯಾವ ಊರಿನ ಲೆಕ್ಕ? ಮಗನ ಓದಿಗೂ ಮದುವೆಗೂ ಆದ ವೆಚ್ಚವನ್ನು ಅವನ ಪಾಲಿನಿಂದ ಕಳೆದವರನ್ನು ನಾನು ಕಂಡಿಲ್ಲ. ಭೂಮಿ ಚೂರಾಗುತ್ತದೆ ಎನ್ನುವವರುಂಟು. ನಾಲ್ವರು ಅಣ್ಣತಮ್ಮಂದಿರು ಹಂಚಿಕೊಂಡಾಗ ಚೂರಾಗದ ಭೂಮಿ ಒಬ್ಬಳು ತಂಗಿ ಬಂದೊಡನೆ ಚೂರಾಗುವುದೇ? ಸತ್ತವರ ಸುದ್ದಿ ಈಗೇಕೆ ಎನ್ನುವವರೂ ಉಂಟು. ಅದನ್ನು ಎತ್ತಿದವರು ಯಾರು? “ಆ ಅಜ್ಜಿ ಹೇಗೆ ಬಿಟ್ಟುಕೊಟ್ಟಳು ನೋಡಿ ಕಲಿ” ಎಂದು ಮನೆಯ ಹೆಣ್ಣುಮಕ್ಕಳಿಗೆಲ್ಲ ಹೇಳುತ್ತ ಬಂದವರು ಅವರೇ ತಾನೆ! ಸುಳ್ಳು ಹೇಳುವಾಗ ಸತ್ತವಳು ಆದರ್ಶ. ನಿಜ ಹೇಳುವಾಗ ಮಾತ್ರ ಅವಳ ಆತ್ಮಕ್ಕೆ ಶಾಂತಿ ಬೇಕು.

ಈ ಎಲ್ಲ ವಾದಗಳ ಹಿಂದೆ, ಬಾಯಿಬಿಟ್ಟು ಯಾರೂ ಹೇಳದ ಬೆದರಿಕೆಯೊಂದಿದೆ: ಪಾಲು ಕೇಳಿದರೆ ತವರು ಇಲ್ಲ. ಗೌರಿಹಬ್ಬಕ್ಕೆ ಕರೆಯುವವರಿಲ್ಲ, ಬಾಗಿನವಿಲ್ಲ, ಬಾಣಂತನಕ್ಕೆ ಮನೆಯಿಲ್ಲ. ನಮ್ಮ ಹೆಂಗಸರು ರುಜು ಹಾಕುವುದು ಕಾನೂನು ತಿಳಿಯದೆ ಅಲ್ಲ, ಈ ಹೆದರಿಕೆಯಿಂದ. ಅವರಿಗೆ ನಾನು ಹೇಳುವುದಿಷ್ಟು: ಆ ಅಜ್ಜಿ ಪಾಲನ್ನು ಬಿಟ್ಟುಕೊಟ್ಟಿದ್ದಳು. ತವರು ಅವಳಿಗೆ ಉಳಿಯಿತೆ? ಮದುವೆಗೆ ಬರಲಾದೀತೆ ಎಂದು ಕಾರ್ಡು ಬರೆಸಬೇಕಾಯಿತು.

ಆದುದರಿಂದ ಹಳೆಯ ಮನೆಗೆ ಹೋಗುವವರಲ್ಲಿ ನನ್ನ ಬಿನ್ನಹ: ಅಟ್ಟದ ಕಾಗದಗಳನ್ನು ಒಲೆಗೆ ಹಾಕಲು ಬಿಡಬೇಡಿರಿ, ಹೊಳೆಗೆ ಬಿಡಲೂ ಬಿಡಬೇಡಿರಿ. ಮನೆಯಲ್ಲಿ ಸಿಕ್ಕದಿದ್ದರೆ ನೋಂದಣಿಯಾದ ಪತ್ರದ ನಕಲಿಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಡಬಹುದು. ಯಾವ ಹೆಣ್ಣುಮಗಳ ಮುಂದೆಯಾದರೂ ಬಿಡುಗಡೆ ಪತ್ರ ಬಂದರೆ, ಅವಳು ಅದನ್ನು ಅಣ್ಣಂದಿರ ವಕೀಲರಿಗಲ್ಲ, ತನ್ನ ವಕೀಲರಿಗೆ ತೋರಿಸಲಿ. ಅದಕ್ಕೂ ಮೊದಲು, ಆ ಮನೆಯಲ್ಲಿ ಹಿಂದೆ ಹೆಬ್ಬೆಟ್ಟೊತ್ತಿದವರ ಪತ್ರಗಳನ್ನೆಲ್ಲ ಜಗುಲಿಯಲ್ಲಿ, ಮಕ್ಕಳು ಮೊಮ್ಮಕ್ಕಳೆಲ್ಲ ಕೇಳುವಂತೆ, ಗಟ್ಟಿಯಾಗಿ ಓದಿಸಲಿ. ಅದನ್ನು ಕೇಳಿದ ಮೇಲೆಯೂ ಅವಳಿಗೆ ಸಂತೋಷ ಉಳಿದಿದ್ದರೆ, ಧಾರಾಳವಾಗಿ ರುಜು ಹಾಕಲಿ.